ನಿಮ್ಮ ಆಪ್‌ಗೆ ಎಷ್ಟು ಭಾಷೆ ಬೇಕು? ಖರ್ಚು ನೋಡಿ ದಾರಿ ಆರಿಸಿಕೊಳ್ಳಿ

"ಗಿರಾಕಿಗಳು ಕನ್ನಡ ಕೇಳ್ತಿದ್ದಾರೆ. ಮಷೀನ್ ಅನುವಾದ ಸಾಕಾ, ಇಲ್ಲಾ ಅನುವಾದಕರಿಗೇ ಕೊಡಬೇಕಾ? ಹೇಗೂ ಕೈ ಹಾಕ್ತಿದ್ದೀವಿ, ಜೊತೆಗೆ ತೆಲುಗು, ತಮಿಳು, ಹಿಂದಿನೂ ಮುಗಿಸಿಬಿಡೋಣವಾ?"

ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುವವರು, ಒಬ್ಬರೇ ಕೂತು ಆಪ್ ಕಟ್ಟುವವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಆದರೆ ಬಹಳ ಜನ ಲೆಕ್ಕ ಹಾಕುವುದು ಅನುವಾದಕರ ಬಿಲ್ ಒಂದನ್ನೇ. ಇಡೀ ಖರ್ಚಿನಲ್ಲಿ ಅದು ಚಿಕ್ಕ ಪಾಲು. ಒಂದು ಭಾಷೆಯನ್ನು ಆಪ್‌ಗೆ ಸೇರಿಸಲು ಹೆಚ್ಚು ದುಡ್ಡು ಬೇಡ. ಅದನ್ನು ವರ್ಷಗಟ್ಟಲೆ ಸರಿಯಾಗಿ ಉಳಿಸಿಕೊಂಡು ಹೋಗಲು ಬೇಕು. ದಾರಿ ಆರಿಸುವಾಗ ಈ ಎರಡನೆಯ ಖರ್ಚನ್ನೇ ಮುಂದಿಟ್ಟುಕೊಳ್ಳಿ ಎಂಬುದು ನನ್ನ ಮಾತು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಳ್ಳಿಯ ಹಾಲಿನ ಡೇರಿಗಳಿಗಾಗಿ ಮಾಡಿದ ಒಂದು ಆಪ್. ರೈತರು ಬೆಳಿಗ್ಗೆ, ಸಂಜೆ ಹಾಲು ಹಾಕುತ್ತಾರೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನ ಅಂಶ), ಮೊತ್ತ ಎಲ್ಲ ಚೀಟಿಯಲ್ಲಿ ಪ್ರಿಂಟ್ ಆಗುತ್ತದೆ. ಜೊತೆಗೆ ಒಂದು ಎಸ್‌ಎಂಎಸ್ ಹೋಗುತ್ತದೆ. 20 ಡೇರಿ, ಡೇರಿಗೆ 100 ರೈತರು. ಆಪ್‌ನಲ್ಲಿ ಬಟನ್, ಶೀರ್ಷಿಕೆ, ಎಚ್ಚರಿಕೆ ಎಲ್ಲ ಸೇರಿ 800 ಸ್ಟ್ರಿಂಗ್ (ಪರದೆಯಲ್ಲಿ ಕಾಣುವ ಪಠ್ಯದ ತುಣುಕುಗಳು), ಅಂದರೆ ಸುಮಾರು 4,000 ಪದ. ಇವೆಲ್ಲ ಲೆಕ್ಕಕ್ಕಾಗಿ ಹಿಡಿದ ಅಂಕಿಗಳು. ನಿಮ್ಮ ಅಂಕಿ ಹಾಕಿ ನೋಡಿ.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು, ತಪ್ಪಾದರೆ ಯಾರಿಗೆ ಏನಾಗುತ್ತದೆ. ಆಟದ ಆಪ್‌ನಲ್ಲಿ ಒಂದು ಬಟನ್ ವಿಚಿತ್ರವಾಗಿ ಓದಿಸಿಕೊಂಡರೆ ಜನ ನಕ್ಕು ಮುಂದೆ ಹೋಗುತ್ತಾರೆ. ಹಾಲಿನ ದುಡ್ಡು, ಔಷಧದ ಪ್ರಮಾಣ, ಸಾಲದ ಬಡ್ಡಿ ತಪ್ಪಾಗಿ ಓದಿಸಿಕೊಂಡರೆ ನಷ್ಟ ಓದಿದವರಿಗೆ.

ಎರಡನೆಯದು, ಆಪ್ ಎಷ್ಟು ಬೇಗ ಬೇಗ ಬದಲಾಗುತ್ತದೆ. ವರ್ಷಕ್ಕೆ ಎರಡು ಸಲ ಅಪ್‌ಡೇಟ್ ಮಾಡುವವರ ಲೆಕ್ಕ ಬೇರೆ, ಎರಡು ವಾರಕ್ಕೊಮ್ಮೆ ಮಾಡುವವರ ಲೆಕ್ಕ ಬೇರೆ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆ ಭಾಷೆಯಲ್ಲಿ ಫೋನ್ ಎತ್ತುವವರು ನಿಮ್ಮಲ್ಲಿ ಇದ್ದಾರಾ? ಆಪ್ ತಮಿಳಿನಲ್ಲಿ ಮಾತಾಡಿದರೆ ಗಿರಾಕಿಯೂ ತಮಿಳಿನಲ್ಲೇ ಫೋನ್ ಮಾಡುತ್ತಾರೆ, ಅಲ್ವಾ? ಕರ್ನಾಟಕದ ಕಂಪನಿಗೆ ಕನ್ನಡದ ಮಟ್ಟಿಗೆ ಈ ಖರ್ಚು ಹೆಚ್ಚು ಬೀಳುವುದಿಲ್ಲ, ಫೋನ್ ಎತ್ತುವವರಿಗೆ ಕನ್ನಡ ಗೊತ್ತೇ ಇರುತ್ತದೆ. ಬೇರೆ ಭಾಷೆಗೆ ಒಂದು ಸಂಬಳ ಜಾಸ್ತಿ ಆಗಬಹುದು.

ನಾಲ್ಕನೆಯದು ಕಾನೂನು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ, ಜನರ ಮಾಹಿತಿ ತೆಗೆದುಕೊಳ್ಳುವ ಮುನ್ನ ತೋರಿಸುವ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಸಾಲ ಕೊಡುವ ಆಪ್ ಆದರೆ ಇನ್ನೊಂದು ನಿಯಮವಿದೆ. ಸಾಲದ ಮುಖ್ಯ ವಿವರಗಳ ಹಾಳೆ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2024ರ ಸುತ್ತೋಲೆಯಲ್ಲಿ ಹೇಳಿದೆ. ಇದರರ್ಥ ಇಡೀ ಆಪ್ 22 ಭಾಷೆಯಲ್ಲಿ ಇರಬೇಕು ಅಂತ ಅಲ್ಲ. ಆ ಒಂದೆರಡು ಪುಟಗಳನ್ನು ಬೇರೆ ಕೆಲಸವಾಗಿ ನೋಡಿ, ಬೇರೆ ದುಡ್ಡು ತೆಗೆದಿಡಿ, ಚೆನ್ನಾಗಿ ಮಾಡಿಸಿ.

ಯಾವ ದಾರಿ ಹಿಡಿದರೂ ತಪ್ಪದ ಖರ್ಚು

ಅನುವಾದ ಯಾರು ಮಾಡಿದರೂ ಕೋಡ್ ಮೊದಲು ತಯಾರಾಗಬೇಕು. ಕೋಡಿನ ಒಳಗೇ ಬರೆದ ಇಂಗ್ಲಿಷ್ ಸಾಲುಗಳನ್ನೆಲ್ಲ ಹೊರತೆಗೆದು ಬೇರೆ ಕಡತಕ್ಕೆ ಹಾಕಬೇಕು. ಹೊಸ ಆಪ್‌ಗೆ ಮೊದಲ ದಿನದಿಂದ ಇದನ್ನು ಮಾಡಿದರೆ ಹೆಚ್ಚುವರಿ ಕೆಲಸ ಅನ್ನಿಸುವುದೇ ಇಲ್ಲ. ಮೂರು ವರ್ಷ ಓಡಿದ ಆಪ್‌ನಲ್ಲಿ ಮಾಡುವುದೆಂದರೆ ಪ್ಲಾಸ್ಟರ್ ಆದ ಗೋಡೆ ಒಡೆದು ವೈರಿಂಗ್ ಪೈಪ್ ಕೂರಿಸಿದ ಹಾಗೆ. ನಮ್ಮ ಡೇರಿ ಆಪ್‌ನಷ್ಟು ದೊಡ್ಡದಕ್ಕೆ ಒಬ್ಬ ಡೆವಲಪರ್‌ನ ಒಂದು ತಿಂಗಳು ಹಿಡಿಯಿರಿ. ಸಮಾಧಾನದ ವಿಷಯ ಏನೆಂದರೆ, ಈ ಖರ್ಚು ಮೊದಲ ಭಾಷೆಗೆ ಮಾತ್ರ. ಎರಡನೆಯ ಭಾಷೆಗೆ ಇದರಲ್ಲಿ ಬಹುಪಾಲು ಮತ್ತೆ ಬರುವುದಿಲ್ಲ.

ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಡಕು ಇದೆ. ಇಂಗ್ಲಿಷಿನಲ್ಲಿ ಊರಿನ ಹೆಸರನ್ನು ಸುಮ್ನೆ ವಾಕ್ಯದ ನಡುವೆ ತುಂಬಿಸಿಬಿಡಬಹುದು. ಕನ್ನಡದಲ್ಲಿ ಮೈಸೂರಿಗೆ, ಶಿರಸಿಗೆ, ಆದರೆ ಮಂಡ್ಯಕ್ಕೆ, ಹಾಸನಕ್ಕೆ. ಕೋಡು ಎಲ್ಲದಕ್ಕೂ "ಗೆ" ಅಂಟಿಸಿದರೆ "ಮಂಡ್ಯಗೆ" ಎಂದು ಬರುತ್ತದೆ. ಎಂಥ ಒಳ್ಳೆಯ ಅನುವಾದಕರೂ ಇದನ್ನು ಸರಿಮಾಡಲಾರರು, ಯಾಕೆಂದರೆ ತಪ್ಪು ಅವರ ಕೈಗೆ ಬಂದ ವಾಕ್ಯದ ಅಚ್ಚಿನಲ್ಲೇ ಇದೆ. "ತಲುಪುವ ಊರು: ಮಂಡ್ಯ" ಎಂದು ವಿಂಗಡಿಸಿ ತೋರಿಸುವುದು ಸುಲಭದ ದಾರಿ. ಆ ತೀರ್ಮಾನ ಡೆವಲಪರ್ ತೆಗೆದುಕೊಳ್ಳಬೇಕು, ಅದೂ ಮೊದಲೇ.

ಆಂಡ್ರಾಯ್ಡ್‌ನಲ್ಲಿ ಇನ್ನೊಂದು. ನಮ್ಮಲ್ಲಿ ಬಹಳ ಜನ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡು ಆಪ್ ಮಾತ್ರ ಕನ್ನಡದಲ್ಲಿ ಇರಲಿ ಅನ್ನುತ್ತಾರೆ. ಆದರೆ ಆಪ್ ಬಂಡಲ್ (ಗೂಗಲ್ ಪ್ಲೇಗೆ ಆಪ್ ಸೇರಿಸುವ ಕಡತದ ರೂಪ) ಆಗಿ ಹಾಕಿದ ಆಪ್ ಇಳಿಸುವಾಗ ಗೂಗಲ್ ಪ್ಲೇ, ಫೋನಿನಲ್ಲಿ ಆರಿಸಿದ ಭಾಷೆಯ ಕಡತಗಳನ್ನಷ್ಟೇ ಕಳಿಸುತ್ತದೆ. ಆಪ್ ಒಳಗೆ "ಕನ್ನಡ" ಒತ್ತಿದರೆ ಏನೂ ಬದಲಾಗುವುದಿಲ್ಲ. ಭಾಷೆಗಳನ್ನು ಬೇರೆ ಮಾಡಬೇಡ ಎಂದು ಬಂಡಲ್‌ನಲ್ಲಿ ಒಂದು ಸೆಟ್ಟಿಂಗ್ ಹಾಕಿದರೆ ಇದು ಸರಿಹೋಗುತ್ತದೆ. ಗೊತ್ತಿಲ್ಲದಿದ್ದರೆ ಎರಡು ದಿನ ಹಾಳು.

ಈಗ ಎಸ್‌ಎಂಎಸ್. ಡೇರಿ ಆಪ್‌ನ ದೊಡ್ಡ ಖರ್ಚು ಅಡಗಿ ಕೂತಿರುವುದು ಇಲ್ಲೇ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಹಿಡಿಸುತ್ತದೆ. ಕನ್ನಡ ಬಂದ ಕೂಡಲೇ ಅದು ಯುನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಂಕೇತ ವ್ಯವಸ್ಥೆ) ಸಂದೇಶ, ಮಿತಿ 70. ಅದೂ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕ ಅಲ್ಲ. "ಸ್ತ್ರೀ" ನಮಗೆ ಒಂದು ಅಕ್ಷರ, ಎಸ್‌ಎಂಎಸ್ ಲೆಕ್ಕಕ್ಕೆ 6. ಮಿತಿ ದಾಟಿದರೆ ಎರಡು ಎಸ್‌ಎಂಎಸ್ ದುಡ್ಡು.

2,000 ರೈತರು, ದಿನಕ್ಕೆ ಎರಡು ಸಲ, ತಿಂಗಳಿಗೆ 1,20,000 ಎಸ್‌ಎಂಎಸ್. ಒಂದಕ್ಕೆ 15 ಪೈಸೆ ಎಂದರೆ 18,000 ರೂಪಾಯಿ. ಇಂಗ್ಲಿಷ್ ಸಂದೇಶವನ್ನು ಪದಕ್ಕೆ ಪದ ಕನ್ನಡ ಮಾಡಿ ಎರಡು ಎಸ್‌ಎಂಎಸ್ ಆದರೆ 36,000. ಅತ್ತ 4,000 ಪದದ ಇಡೀ ಆಪ್‌ನ ಅನುವಾದಕ್ಕೆ, ಪದಕ್ಕೆ 2 ರೂಪಾಯಿ ಹಿಡಿದರೂ, ಒಂದೇ ಸಲ 8,000 ರೂಪಾಯಿ! ಪ್ರತಿ ತಿಂಗಳು 18,000 ಹೆಚ್ಚುವರಿ ಹೋಗುತ್ತಿರುವಾಗ ಅನುವಾದಕರ ಹತ್ತಿರ ಎಂಟಾಣೆ ಚೌಕಾಸಿ ಮಾಡುವುದರಲ್ಲಿ ಅರ್ಥವಿಲ್ಲ.

ಸಂದೇಶವನ್ನು ಅನುವಾದ ಮಾಡದೆ ಕನ್ನಡದಲ್ಲೇ ಹೊಸದಾಗಿ ಬರೆಸಿದರೆ ಈ ಖರ್ಚು ಉಳಿಯುತ್ತದೆ. "ಹಾಲು 6.5 ಲೀ, ಫ್ಯಾಟ್ 4.2, ಎಸ್‌ಎನ್‌ಎಫ್ 8.5, ₹221.00 ಬೆಳಿಗ್ಗೆ 12/3" ಇದು 70ರೊಳಗೆ ಮುಗಿಯುತ್ತದೆ. ರೈತರಿಗೆ ಬೇಕಾದ್ದೆಲ್ಲ ಇದರಲ್ಲಿದೆ. ಅಂದಹಾಗೆ, ಇಂಗ್ಲಿಷ್ ಸಂದೇಶದಲ್ಲಿ ₹ ಚಿಹ್ನೆ ಹಾಕಿದರೂ ಅದು ಯುನಿಕೋಡ್ ಆಗಿ ಮಿತಿ 70ಕ್ಕೆ ಇಳಿಯುತ್ತದೆ. ಎಷ್ಟೋ ಜನ ಇದು ತಿಳಿಯದೆ ಎರಡು ಪಟ್ಟು ಕಟ್ಟುತ್ತಿದ್ದಾರೆ. ಇನ್ನು ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಸಂದೇಶದ ಟೆಂಪ್ಲೇಟನ್ನು, ಅಂದರೆ ಅದರ ಮಾದರಿ ಪಠ್ಯವನ್ನು, ಮೊಬೈಲ್ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿಯಲ್ಲಿ ನೋಂದಾಯಿಸಬೇಕು. ಕನ್ನಡದ ಪಠ್ಯ ಬೇರೆ ಟೆಂಪ್ಲೇಟ್. ಭಾಷೆ ಹೆಚ್ಚಾದಷ್ಟೂ ನೋಂದಣಿ ಹೆಚ್ಚು. ಪಠ್ಯ ಬದಲಿಸಿದಾಗಲೂ ಅಷ್ಟೇ.

ಚೀಟಿ ಪ್ರಿಂಟರ್‌ನ ಕಥೆಯೂ ಹೀಗೇ. ಅಗ್ಗದ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಚೀಟಿಯನ್ನು ಚಿತ್ರ ಮಾಡಿ ಕಳಿಸಬೇಕು, ಅದು ನಿಧಾನ. ಬೆಳಿಗ್ಗೆ ಕ್ಯಾನ್ ಹಿಡಿದು ಸಾಲು ನಿಂತಿರುವಾಗ ಒಬ್ಬೊಬ್ಬರಿಗೆ ಎರಡು ಮೂರು ಸೆಕೆಂಡ್ ಹೆಚ್ಚಾದರೂ ಗೊತ್ತಾಗುತ್ತದೆ. ಪಿಡಿಎಫ್ ಮಾಡುವ ಹಲವು ಲೈಬ್ರರಿಗಳು ಒತ್ತಕ್ಷರಗಳನ್ನು ಒಡೆದು ಹಾಕುತ್ತವೆ. ಬ್ರೌಸರ್ ಎಂಜಿನ್ ಮೂಲಕ ಪಿಡಿಎಫ್ ಮಾಡಿಸಿದರೆ ಸರಿಯಾಗಿ ಬರುತ್ತದೆ. ಫಾಂಟ್‌ಗೆ ಮಾತ್ರ ದುಡ್ಡು ಬೇಡ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಎಲ್ಲವೂ ಉಚಿತ ಪರವಾನಗಿಯಲ್ಲಿವೆ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಬಟನ್‌ನ ಎತ್ತರ ಸ್ವಲ್ಪ ಹೆಚ್ಚಿಡಿ.

ಇಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಅನುವಾದ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಬರೋಣ.

ಮಷೀನ್ ಮಾತ್ರ

ದುಡ್ಡಿನ ಲೆಕ್ಕದಲ್ಲಿ ಇದನ್ನು ಯಾವುದೂ ಮೀರಿಸುವುದಿಲ್ಲ. ಗೂಗಲ್ ಕ್ಲೌಡ್‌ನ ಅನುವಾದ ಸೇವೆಯ ಸಾಮಾನ್ಯ ದರ 10 ಲಕ್ಷ ಅಕ್ಷರಕ್ಕೆ 20 ಡಾಲರ್, ತಿಂಗಳ ಮೊದಲ 5 ಲಕ್ಷ ಅಕ್ಷರ ಉಚಿತ. ನಮ್ಮ 4,000 ಪದ ಅಂದರೆ ಸುಮಾರು 25,000 ಅಕ್ಷರ. ಹತ್ತು ಭಾಷೆಗೆ ಮಾಡಿದರೂ ಬಿಲ್ ಬರುವುದಿಲ್ಲ. ಕೇಂದ್ರ ಸರ್ಕಾರದ ಅನುವಾದ ಸೇವೆ ಭಾಷಿಣಿಯೂ ಇದೆ. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ 2023ರಲ್ಲಿ ಬಿಡುಗಡೆ ಮಾಡಿದ ಇಂಡಿಕ್‌ಟ್ರಾನ್ಸ್2 ಮುಕ್ತ ತಂತ್ರಾಂಶ, ಎಲ್ಲ 22 ಭಾಷೆಗಳನ್ನೂ ಮಾಡುತ್ತದೆ, ನಿಮ್ಮ ಸರ್ವರ್‌ನಲ್ಲೇ ಓಡಿಸಬಹುದು.

ಉದ್ದ ವಾಕ್ಯಗಳನ್ನು ಇವು ಈಗ ಚೆನ್ನಾಗಿಯೇ ಮಾಡುತ್ತವೆ. ಕಷ್ಟ ಬರುವುದು ಒಂದೇ ಪದದ ಬಟನ್‌ಗಳಲ್ಲಿ. ಆಪ್‌ನಲ್ಲಿ ತುಂಬಿರುವುದು ಅವೇ. ಸುತ್ತಮುತ್ತ ಏನಿದೆ ಎಂದು ಮಷೀನ್‌ಗೆ ತಿಳಿಯದು. ನೀವು ಕೊಟ್ಟ ಆರ್ಡರ್ ಅನ್ನು ಸರ್ಕಾರಿ ಆದೇಶ ಮಾಡಿಬಿಡುತ್ತದೆ. ಒಂದು ಪರದೆಯಲ್ಲಿ "ನಿಮ್ಮ", ಇನ್ನೊಂದರಲ್ಲಿ "ನಿನ್ನ" ಬರುತ್ತದೆ. ಹಿರಿಯ ರೈತರಿಗೆ ಆಪ್ ಏಕವಚನದಲ್ಲಿ ಮಾತಾಡಿದರೆ ಚೆನ್ನಾಗಿರುತ್ತದಾ?

ಗಿರಾಕಿಗಳು ತಾವೇ ಬರೆದ ವಿಮರ್ಶೆ, ಚಾಟ್, ಹಳೆಯ ಸಹಾಯ ಪುಟ, ಇಂಥವಕ್ಕೆ ಮಷೀನ್ ಸಾಕು. ಅವುಗಳ ಗಾತ್ರಕ್ಕೆ ಮನುಷ್ಯರನ್ನು ಇಟ್ಟು ಪೂರೈಸಲೂ ಆಗುವುದಿಲ್ಲ. "ಮಷೀನ್ ಅನುವಾದ" ಎಂದು ಮೇಲೆ ಬರೆಯಿರಿ, ಮೂಲ ನೋಡಲು ಒಂದು ಬಟನ್ ಕೊಡಿ. ದುಡ್ಡು, ಔಷಧ, ಒಪ್ಪಿಗೆ ಇರುವ ಪರದೆಗಳಿಗೆ ಮಷೀನ್ ಒಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ, ಎಷ್ಟೇ ಉಳಿತಾಯವಾಗಲಿ. ಉಳಿದ ದುಡ್ಡು ನಿಮಗೆ, ನಷ್ಟ ಇನ್ನೊಬ್ಬರಿಗೆ ಎಂದಾಗಬಾರದು.

ಮಷೀನ್ ಮಾಡಿದ್ದನ್ನು ಮನುಷ್ಯರು ತಿದ್ದುವುದು

ಬಹುಪಾಲು ಸಣ್ಣ ಕಂಪನಿಗಳಿಗೆ ಸರಿಹೊಂದುವುದು ಇದೇ. ತಿದ್ದುವವರ ದರ ಅನುವಾದದ ದರಕ್ಕಿಂತ ಕಡಿಮೆ ಇರುತ್ತದೆ. ಅರ್ಧ ಎಂದು ಹಿಡಿದರೆ ನಮ್ಮ ಆಪ್‌ಗೆ 4,000 ರೂಪಾಯಿ. ಆದರೆ ತಿದ್ದುವವರಿಗೆ ಬರೀ ಎಕ್ಸೆಲ್ ಹಾಳೆ ಕಳಿಸಿದರೆ ಅವರೂ ಮಷೀನ್‌ನಷ್ಟೇ ಕುರುಡರು. ಪರದೆಯ ಚಿತ್ರ ಕೊಡಿ, ಸಾಧ್ಯವಾದರೆ ಆಪನ್ನೇ ಅವರ ಫೋನಿಗೆ ಹಾಕಿಕೊಡಿ. ಅವರು ಅರ್ಧ ದಿನ ಆಪ್ ಬಳಸಿದರೆ ಸಿಗುವ ಗುಣ, ಮೂರು ಸಲ ಕಡತ ತಿದ್ದಿಸಿದರೂ ಸಿಗುವುದಿಲ್ಲ.

ಮೊದಲೇ ಒಂದು ಪದಪಟ್ಟಿ ಮಾಡಿಕೊಳ್ಳಿ. ಪಾಸ್‌ವರ್ಡ್, ಲಾಗಿನ್, ಫ್ಯಾಟ್ ಇವನ್ನು ಹಾಗೇ ಇಡುತ್ತೀರಾ? ನನ್ನ ಸಲಹೆ, ಡೇರಿಯ ಮುಂದೆ ನಿಂತ ಜನ ಏನನ್ನುತ್ತಾರೋ ಅದನ್ನೇ ಬರೆಯಿರಿ. ಮೈಕ್ರೋಸಾಫ್ಟ್ ತನ್ನ ಕನ್ನಡದ ಶೈಲಿ ಕೈಪಿಡಿಯನ್ನು ಉಚಿತವಾಗಿ ಕೊಡುತ್ತದೆ. ಪೂರ್ತಿ ಪಾಲಿಸಬೇಕಿಲ್ಲ, ಶುರು ಮಾಡಲು ಸಹಾಯವಾಗುತ್ತದೆ.

ಅನುವಾದಕರು ಅಥವಾ ಏಜೆನ್ಸಿ

ಗುಣ ಚೆನ್ನಾಗಿರಬೇಕು, ತಪ್ಪಾದರೆ ತೊಂದರೆ ದೊಡ್ಡದು ಎನ್ನುವ ಕಡೆ ಇದೇ ದಾರಿ. ಆಸ್ಪತ್ರೆ, ಸಾಲ, ವಿಮೆ, ಒಪ್ಪಿಗೆಯ ಪುಟಗಳು. ಒಬ್ಬರೇ ಅನುವಾದಕರನ್ನು ಹಿಡಿದರೆ ಅಗ್ಗ, ಮತ್ತು ಅವರಿಗೆ ನಿಮ್ಮ ಆಪ್‌ನ ಪರಿಚಯ ಬೆಳೆಯುತ್ತದೆ. ಅವರು ಊರಿಗೆ ಹೋದರೆ ನಿಮ್ಮ ಅಪ್‌ಡೇಟ್ ಕಾಯಬೇಕು. ಏಜೆನ್ಸಿಗೆ ಹೆಚ್ಚು ಕೊಡುತ್ತೀರಿ, ಬದಲಿ ಜನ ಸಿಗುತ್ತಾರೆ, ಆದರೆ ಪ್ರತಿ ಸಲ ಬೇರೆ ಬೇರೆ ಕೈ.

ನಿಜವಾದ ತೊಡಕು ಅಪ್‌ಡೇಟ್‌ಗಳಲ್ಲಿ. ಎರಡು ವಾರಕ್ಕೊಮ್ಮೆ 15 ಹೊಸ ಸ್ಟ್ರಿಂಗ್ ಬಂದರೆ 75 ಪದ, 150 ರೂಪಾಯಿಯ ಕೆಲಸ. ಅಷ್ಟಕ್ಕೆ ಯಾರೂ ಕಡತ ತೆರೆಯುವುದಿಲ್ಲ. ಕನಿಷ್ಠ ಶುಲ್ಕ ಎಂದು ಒಂದು ಮೊತ್ತ ಹೇಳುತ್ತಾರೆ, ಅದು ನ್ಯಾಯವೂ ಹೌದು. ಆದ್ದರಿಂದ ತಿಂಗಳಿಗಿಷ್ಟು ಎಂದು ಮಾತಾಡಿಕೊಳ್ಳಿ. ಬಿಡುಗಡೆಗೆ ನಾಲ್ಕೈದು ದಿನ ಮೊದಲೇ ಇಂಗ್ಲಿಷ್ ಸಾಲುಗಳನ್ನು ಬದಲಿಸುವುದನ್ನು ನಿಲ್ಲಿಸಿ. ಈ ಶಿಸ್ತು ಇಲ್ಲದ ಕಡೆ ಆರು ತಿಂಗಳಲ್ಲಿ ಕನ್ನಡದ ಆಪ್ ಅರ್ಧ ಇಂಗ್ಲಿಷ್ ಆಗಿರುತ್ತದೆ.

ಕೆಲಸ ಒಪ್ಪಿಸುವಾಗ ಯುನಿಕೋಡ್‌ನಲ್ಲೇ ಬೇಕು ಎಂದು ಬರೆದುಕೊಡಿ. ಡಿಟಿಪಿ ಹಿನ್ನೆಲೆಯವರು ಯುನಿಕೋಡ್ ಅಲ್ಲದ ಹಳೆಯ ನುಡಿ ಆಸ್ಕಿ ಫಾಂಟಿನಲ್ಲಿ ವರ್ಡ್ ಕಡತ ಕಳಿಸುವುದು ಈಗಲೂ ಉಂಟು. ಅದನ್ನು ಪರಿವರ್ತಿಸಿ, ಒತ್ತಕ್ಷರ ಸರಿಮಾಡಿ, ಮತ್ತೆ ಕಡತಕ್ಕೆ ತುಂಬುವ ಕೂಲಿ ನಿಮ್ಮ ತಲೆಗೆ. ಅನುವಾದಕ್ಕೆಂದೇ ಇರುವ ಪಿಒ ಅಥವಾ ಎಕ್ಸ್‌ಲಿಫ್ ಕಡತದಲ್ಲೇ ಕೆಲಸ ಮಾಡಿಸಿ. ಪದಪಟ್ಟಿ ಮತ್ತು ಹಳೆಯ ಅನುವಾದಗಳ ಸಂಗ್ರಹ ನಿಮಗೆ ಸೇರಬೇಕು ಎಂಬುದೂ ಒಪ್ಪಂದದಲ್ಲಿರಲಿ. ಏಜೆನ್ಸಿ ಬದಲಿಸುವ ದಿನ ಇದರ ಬೆಲೆ ಗೊತ್ತಾಗುತ್ತದೆ.

ಸ್ವಯಂಸೇವಕರು

ವಿಕಿಪೀಡಿಯವನ್ನು ನಡೆಸುವ ತಂತ್ರಾಂಶ ಮೀಡಿಯಾವಿಕಿಯ ಅನುವಾದ ಟ್ರಾನ್ಸ್‌ಲೇಟ್‌ವಿಕಿಯಲ್ಲಿ, ಫೈರ್‌ಫಾಕ್ಸ್‌ನದು ಮೊಜಿಲ್ಲಾದ ಪೊಂಟೂನ್‌ನಲ್ಲಿ ನಡೆಯುತ್ತದೆ. ಕನ್ನಡದ ವಿಕಿಪೀಡಿಯ ತೆರೆದಾಗ ಕಾಣುವ ಕನ್ನಡದ ಹಿಂದೆ ಹೀಗೆ ದುಡ್ಡು ತೆಗೆದುಕೊಳ್ಳದೆ ದುಡಿದವರಿದ್ದಾರೆ. ಅವರ ಬಗ್ಗೆ ನನಗೆ ತುಂಬ ಗೌರವ. ಮುಕ್ತ ತಂತ್ರಾಂಶ ಮಾಡುವವರಿಗೆ ಇದು ಸಹಜ ದಾರಿ. ಹಲವರು ಸೇರಿ ಅನುವಾದ ಮಾಡುವ ತಂತ್ರಾಂಶ ವೆಬ್ಲೇಟ್ ಅನ್ನು ನಿಮ್ಮ ಸರ್ವರ್‌ನಲ್ಲೇ ಹಾಕಿಕೊಳ್ಳಬಹುದು, ಅಂಥದ್ದೇ ಆದ ಕ್ರೌಡಿನ್ ಮುಕ್ತ ಯೋಜನೆಗಳಿಗೆ ಉಚಿತ. ಹಾಗಂತ ಖರ್ಚೇ ಇಲ್ಲ ಅಂತಲ್ಲ. ಬಂದವರಿಗೆ ಉತ್ತರ ಕೊಡಲು, ಎರಡು ಬೇರೆ ಶೈಲಿಗಳನ್ನು ಒಂದು ಮಾಡಲು ಒಬ್ಬರ ಸಮಯ ಹೋಗುತ್ತದೆ. ನಿಮ್ಮ ಬಿಡುಗಡೆ ದಿನಾಂಕಕ್ಕೆ ಅವರು ಬದ್ಧರಲ್ಲ.

ಫೇಸ್‌ಬುಕ್ 2008ರಲ್ಲಿ ತನ್ನ ಬಳಕೆದಾರರಿಂದಲೇ ಅನುವಾದ ಮಾಡಿಸಿತು, ಮೊದಲು ಸ್ಪ್ಯಾನಿಷ್ ಬಂತು. ಅದನ್ನು ನೋಡಿ ಆಸೆ ಪಡಬೇಡಿ. ಅವರಿಗೆ ಕೋಟಿಗಟ್ಟಲೆ ಬಳಕೆದಾರರಿದ್ದರು. ನಿಮ್ಮದು ದುಡ್ಡು ತೆಗೆದುಕೊಳ್ಳುವ ಆಪ್ ಆಗಿದ್ದರೆ, ಭಾಷೆಯ ಮೇಲಿನ ಪ್ರೀತಿಗೆ ಮಾಡಿಕೊಡಿ ಎಂದು ಕೇಳುವುದು ಸರಿಯಲ್ಲ. ಕನ್ನಡದ ಕೆಲಸ ಎಂದರೆ ಪುಕ್ಕಟೆ ಕೆಲಸ ಎಂಬ ಅಭ್ಯಾಸ ಈಗಾಗಲೇ ಸಾಕಷ್ಟಿದೆ.

ಪೂರ್ತಿ ಆಪ್ ಬೇಡ, ಒಬ್ಬರ ಪಾಲು ಮಾತ್ರ

ದುಡ್ಡು ಕಡಿಮೆ ಇದ್ದಾಗ ನಾನು ಮೊದಲು ಹೇಳುವುದು ಇದನ್ನೇ. ಡೇರಿ ಆಪ್‌ನಲ್ಲಿ ರೈತರ ಕಣ್ಣಿಗೆ ಬೀಳುವುದು ಎಸ್‌ಎಂಎಸ್, ಚೀಟಿ ಮತ್ತು ಪಾಸ್‌ಬುಕ್ ಪರದೆ. 800ರಲ್ಲಿ 80 ಸ್ಟ್ರಿಂಗ್ ಇರಬಹುದು. ಡೇರಿ ಸೆಕ್ರೆಟರಿಯ ಪರದೆಗಳಲ್ಲಿ ಇನ್ನು 300. ಉಳಿದದ್ದು ನಿಮ್ಮ ಕಚೇರಿಯವರು ನೋಡುವ ವರದಿಗಳು. ಮೊದಲ 80ನ್ನು ಒಳ್ಳೆಯ ಅನುವಾದಕರಿಗೆ ದುಪ್ಪಟ್ಟು ದರ ಕೊಟ್ಟು ಮಾಡಿಸಿದರೂ 1,600 ರೂಪಾಯಿ ಆಗುತ್ತದೆ. ಸೆಕ್ರೆಟರಿಯ ಪಾಲು ಆಮೇಲೆ. ವರದಿಗಳು ಇಂಗ್ಲಿಷಿನಲ್ಲೇ ಇರಲಿ.

ಆದರೆ ಭಾಗ ಮಾಡುವಾಗ ಜನರನ್ನು ನೋಡಿ ಮಾಡಿ. ಒಬ್ಬರು ನೋಡುವುದೆಲ್ಲ ಒಂದೇ ಭಾಷೆಯಲ್ಲಿರಬೇಕು. ಬಟನ್ ಕನ್ನಡ, ತಪ್ಪಾದಾಗ ಬರುವ ಸಂದೇಶ ಇಂಗ್ಲಿಷ್ ಆದರೆ ಸಹಾಯ ಬೇಕಾದ ಹೊತ್ತಿಗೇ ಭಾಷೆ ಕೈಕೊಟ್ಟಂತೆ. ರೈತರ ಹೆಸರು, ಊರು, ಪಶು ಆಹಾರದ ಹೆಸರು ಇವೆಲ್ಲ ಸ್ಟ್ರಿಂಗ್ ಕಡತದಲ್ಲಿ ಇರುವುದಿಲ್ಲ, ಡೇಟಾಬೇಸ್‌ನಲ್ಲಿ ಇರುತ್ತವೆ. ಇವನ್ನೂ ಕನ್ನಡದಲ್ಲಿ ತುಂಬಿಸುವ ಕೆಲಸಕ್ಕೆ ಬೇರೆ ಸಮಯ ಇಡಿ. ಹೆಸರುಗಳನ್ನು ಮಷೀನ್ ಕನ್ನಡಕ್ಕೆ ತಿರುಗಿಸಿದ ಮೇಲೆ ಸೆಕ್ರೆಟರಿಗಳಿಗೆ ಒಮ್ಮೆ ತೋರಿಸಿ. ಯಾರಿಗೇ ಆಗಲಿ ತಮ್ಮ ಹೆಸರು ತಪ್ಪಾಗಿ ಬಂದರೆ ಬೇಸರವಾಗುತ್ತದೆ.

ಹಾಗಾದರೆ ನೀವು?

ಆಪ್ ಈಗಷ್ಟೇ ಶುರುವಾಗಿದೆ, ಕೈಯಲ್ಲಿ ದುಡ್ಡಿಲ್ಲ ಎಂದರೆ ಕೋಡ್ ಮಾತ್ರ ತಯಾರಿಟ್ಟುಕೊಳ್ಳಿ, ಎಸ್‌ಎಂಎಸ್ ಮತ್ತು ಚೀಟಿಯನ್ನು ಕನ್ನಡದಲ್ಲಿ ಬರೆಯಿರಿ. ನೀವೇ ಕನ್ನಡದವರಾದರೆ ಇದಕ್ಕೆ ಯಾರೂ ಬೇಡ, ಮನೆಯಲ್ಲಿ ದೊಡ್ಡವರಿಗೆ ಓದಲು ಕೊಟ್ಟು ನೋಡಿ. ಗಿರಾಕಿಗಳು ಬಂದಿದ್ದಾರೆ, ವರ್ಷಕ್ಕೆ 30,000 ರೂಪಾಯಿ ತೆಗೆದಿಡಬಹುದು ಎಂದರೆ ಮಷೀನ್ ಜೊತೆಗೆ ಒಬ್ಬರು ತಿದ್ದುವವರು, ತಿಂಗಳಿಗಿಷ್ಟು ಎಂದು. ಆಸ್ಪತ್ರೆ ಅಥವಾ ಹಣಕಾಸಿನ ಆಪ್ ಆದರೆ ಅನುವಾದಕರು ಬೇಕು, ಅವರು ಮಾಡಿದ್ದನ್ನು ನೋಡಲು ಆ ಕ್ಷೇತ್ರ ಗೊತ್ತಿರುವ ಇನ್ನೊಬ್ಬರೂ ಬೇಕು. ಇದರಲ್ಲಿ ಉಳಿತಾಯ ಹುಡುಕಬೇಡಿ.

ಎರಡನೆಯ ಭಾಷೆಯ ವಿಷಯಕ್ಕೆ ಬಂದರೆ, ಗಿರಾಕಿ ಬರುವ ಮೊದಲೇ ಆರು ಭಾಷೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರತಿ ಅಪ್‌ಡೇಟ್‌ನಲ್ಲೂ ಆರೂ ಭಾಷೆಗಳನ್ನು ಪರೀಕ್ಷೆ ಮಾಡಬೇಕು. ಯಾರೂ ಬಳಸದ ಭಾಷೆಯಲ್ಲಿ ತಪ್ಪು ಬಂದರೆ ಹೇಳುವವರೂ ಇರುವುದಿಲ್ಲ. ಚಿತ್ತೂರು ಕಡೆಯ ಡೇರಿಗಳಿಂದ ಬೇಡಿಕೆ ಬಂತು ಎಂದಿಟ್ಟುಕೊಳ್ಳಿ. ಮೊದಲು ರೈತರ ಪಾಲಿನ 80 ಸ್ಟ್ರಿಂಗ್ ತೆಲುಗಿಗೆ ಮಾಡಿಸಿ, 70ರೊಳಗಿನ ಎಸ್‌ಎಂಎಸ್ ಬರೆಸಿ, ಟೆಂಪ್ಲೇಟ್ ನೋಂದಾಯಿಸಿ. ತೆಲುಗಿನಲ್ಲಿ ಫೋನ್ ಎತ್ತಲು ಅರ್ಧ ದಿನದ ಮಟ್ಟಿಗಾದರೂ ಒಬ್ಬರನ್ನು ಗೊತ್ತುಮಾಡಿ, ಆ ಸಂಬಳ ಅಲ್ಲಿನ ಡೇರಿಗಳ ಶುಲ್ಕದಿಂದ ಹುಟ್ಟುತ್ತದಾ ನೋಡಿ. ಹುಟ್ಟುವ ತನಕ ಉಳಿದ ಪರದೆಗಳಿಗೆ ಕೈ ಹಾಕಬೇಡಿ. ಆಪ್ ಪೂರ್ತಿ ತೆಲುಗಿನಲ್ಲಿದೆ ಎಂದು ಜಾಹೀರಾತಿನಲ್ಲೂ ಹೇಳಬೇಡಿ.